ಕೋಣೆ ದಾಟಿದ ಮಾತು

ಪುಷ್ಪಚಕ್ರ ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಕೊಂಡಿತು. ಭಾಷಾ ಸಂಸ್ಥೆಯ ನಿರ್ದೇಶಕರು ಅದನ್ನು ಓರೆ ಮಾಡಿ ಎಳೆಯುವಾಗ ಅಡ್ಡಪಟ್ಟಿಯ ಮೇಲಿನ ಅಕ್ಷರ ಕಣ್ಣಿಗೆ ಬಿತ್ತು. ಗುಮಾಸ್ತ ಲೆಟರ್‌ಹೆಡ್ಡನ್ನೇ ನೋಡಿ ಬರೆಸಿದ್ದ: ಸಂಸ್ಥೆಯ ಹೆಸರು, ಅದರ ಕೆಳಗೆ ‘ರಾಷ್ಟ್ರೀಯ ಭಾಷಾ ಸಂಶೋಧನಾ ಒಕ್ಕೂಟದ ಸದಸ್ಯ’. ಅವರು ಪಟ್ಟಿಯನ್ನು ಕಿತ್ತು ಜೇಬಿಗೆ ತುರುಕಿ ಮೇಲೆ ಹತ್ತಿದರು.

ನಡುಮನೆಯಲ್ಲಿ ಟೇಪಕ್ಕನನ್ನು ಮಲಗಿಸಿದ್ದರು. ಕೆಲಸಕ್ಕೆ ಸೇರಿದಂದಿನಿಂದ ನಿವೃತ್ತಿಯವರೆಗೂ ಸಂಸ್ಥೆಗಾಗಿ ಜನರ ಮಾತನ್ನು ಧ್ವನಿಮುದ್ರಿಸಿದವಳು. ಆ ಹೆಸರು ಬಂದದ್ದು ಹಾಗೆ.

ಅವಳ ಗಂಡ ಬಾಗಿಲಲ್ಲೇ ಕೈ ಹಿಡಿದುಕೊಂಡರು. “ಊರವರ ಮಾತೆಲ್ಲ ಕೇಳಿದ್ಳು ಸಾರ್, ನನ್ನದೊಂದು ಬಿಟ್ಟು. ಡಾಕ್ಟ್ರ ಹತ್ರ ಹೋಗೋಣ ಬಾರೇ ಅಂತ ಹೇಳಿ ಹೇಳಿ ನಾಲಿಗೆ ಸವೆದುಹೋಯ್ತು. ಆಸ್ಪತ್ರೆ ಸೇರೋ ಹೊತ್ತಿಗೆ ತಡವಾಗಿತ್ತು.” ನಗಲು ಹೋದವರು ಅತ್ತುಬಿಟ್ಟರು.

ಟೇಪಕ್ಕನ ತಂಗಿ ಮಾತ್ರ ಹತ್ತಿರ ಬಂದಿರಲಿಲ್ಲ. ಬಾಲ್ಕನಿಯಲ್ಲಿ, ಬಟ್ಟೆ ಒಣಹಾಕುವ ಹಗ್ಗದ ಕೆಳಗೆ, ಕೈಚೀಲವನ್ನು ತೋಳಿನಿಂದ ಇಳಿಸದೆ ನಿಂತಿದ್ದಳು.

“ಬಾರಮ್ಮಾ, ಅಕ್ಕನ ಮುಖ ನೋಡು,” ಎಂದು ಭಾವ ಕರೆದರು.

“ನಿಮಗೋಸ್ಕರ ಬಂದೆ ಭಾವ. ಅವಳಿಗೋಸ್ಕರ ಅಲ್ಲ.”

ನಿರ್ದೇಶಕರು ತಲೆ ತಗ್ಗಿಸಿದರು.

*

ವರ್ಷಗಳ ಹಿಂದೆ, ಒಕ್ಕೂಟ ಸೇರಬೇಕಾದರೆ ಪ್ರತಿ ಸಂಸ್ಥೆಯೂ ತನ್ನ ಧ್ವನಿಸಂಗ್ರಹದಲ್ಲಿ ಒಂದು ಪಾಲು ಕೊಡಬೇಕಿತ್ತು. ಸದಸ್ಯ ಕಾಲೇಜುಗಳೆಲ್ಲ ಅದನ್ನು ಕೇಳಬಹುದಿತ್ತು. ಸೇರದಿದ್ದರೆ ಸಂಸ್ಥೆಯ ಬಾಗಿಲು ಮುಚ್ಚಿದಂತೆಯೇ. ಭಾಷಣ, ಸಂದರ್ಶನ ಬೇಕಾದಷ್ಟಿದ್ದವು. ಮನೆಯೊಳಗಿನ ಸಹಜ ಮಾತು ಸಾಲದಾಯಿತು. ಕಡೇ ಗಳಿಗೆಯಲ್ಲಿ ನಿರ್ದೇಶಕರಿಗೆ ಟೇಪಕ್ಕನ ಕಪಾಟಿನ ಒಂದು ಟೇಪು ನೆನಪಾಯಿತು. ಅಕ್ಕತಂಗಿ ಬಟಾಣಿ ಬಿಡಿಸುತ್ತಾ ಆಡಿದ ಮಾತು. ಜನ ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಬಿದ್ದು, ನಕ್ಕು, ಅರ್ಧಕ್ಕೇ ಬಿಟ್ಟು ಹೇಗೆ ಮಾತಾಡುತ್ತಾರೆಂದು ಹೊಸಬರಿಗೆ ತೋರಿಸಲು ಅವಳು ಅದರ ಮೊದಲ ತುಣುಕನ್ನು ಹಾಕುತ್ತಿದ್ದಳು. ನಿರ್ದೇಶಕರೂ ಅದರಿಂದಲೇ ಕಲಿತವರು.

“ಪಾಠಕ್ಕೆ ಮಾತ್ರ. ಈ ಕೋಣೆ ದಾಟಬಾರದು. ತಂಗಿಗೆ ಮಾತು ಕೊಟ್ಟಿದೀನಿ,” ಎನ್ನುತ್ತಿದ್ದಳು ಪ್ರತಿ ಸಲ.

ಕಡಲಿನಂಥ ಸಂಗ್ರಹದಲ್ಲಿ ಇದನ್ನು ಯಾರು ಕೇಳುತ್ತಾರೆ ಎಂದುಕೊಂಡು ಅವರು ಟೇಪನ್ನು ಪೂರ್ತಿ ಕಳಿಸಿಬಿಟ್ಟರು. ಉಳಿದ ಭಾಗದಲ್ಲಿ ಏನಿದೆ ಎಂದು ತಾವೂ ಕೇಳಲಿಲ್ಲ.

ಕೇಳಿದವಳು ತಂಗಿಯ ಎರಡನೇ ಮಗಳು. ಬೇರೊಂದು ಕಾಲೇಜಿನ ತರಗತಿಯಲ್ಲಿ, ಹೆಡ್‌ಫೋನಿನೊಳಗೆ ಅಮ್ಮನ ದನಿ: “ಎರಡನೇದು ಬೇಡ ಅಂತ ಆಸ್ಪತ್ರೆ ತನಕ ಹೋಗಿದ್ದೆ ಕಣೇ. ಬಾಗಿಲು ಹಾಕಿತ್ತು, ವಾಪಸ್ ಬಂದೆ.” ಆ ಹುಡುಗಿ ಹಾಸ್ಟೆಲ್ ಸೇರಿದವಳು ಮತ್ತೆ ಮನೆಗೆ ಬರಲಿಲ್ಲ.

ಟೇಪಕ್ಕ ನಿರ್ದೇಶಕರ ಎದುರು ಬಂದು ಕೂತಳು. “ಯಾರು ಕೊಟ್ಟಿದ್ದು ಅಂತ ತಂಗಿ ಕೇಳಿದ್ಳು. ನಾನೇ ಅಂದೆ.”

“ಯಾಕಕ್ಕಾ?”

“ನಿನ್ನ ಹೆಸರು ಹೇಳಿದ್ರೆ ದೂರು ಕೊಡ್ತಾಳೆ. ಸದಸ್ಯತ್ವ ಹೋಗುತ್ತೆ, ಈ ಹುಡುಗರ ಕೆಲಸವೂ ಹೋಗುತ್ತೆ. ನನ್ನ ಮೇಲಾದ್ರೆ ಬರೀ ಕೋಪ. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ. ಅಕ್ಕತಂಗೀರದ್ದು ಅಷ್ಟೂ ಇರಲ್ಲ. ಸ್ವಲ್ಪ ತಣ್ಣಗಾಗ್ಲಿ, ಆಮೇಲೆ ನೀನೇ ಹೋಗಿ ನಿಜ ಹೇಳು.”

ಹೇಳುತ್ತೇನೆ ಎಂದರು. ಆ ಟೇಪನ್ನು ಒಕ್ಕೂಟದ ಸಂಗ್ರಹದಿಂದ ತೆಗೆಸಿದರು. ಒಮ್ಮೆ ತಂಗಿಯ ಬೀದಿಯವರೆಗೂ ಹೋಗಿ, ಕಾರಿನಿಂದ ಇಳಿಯದೆ ತಿರುಗಿ ಬಂದರು. ಟೇಪಕ್ಕ ಮತ್ತೆ ಆ ಮಾತೆತ್ತಲಿಲ್ಲ. ಅವಳು ಎತ್ತದಿದ್ದುದೇ ಅವರಿಗೆ ಅನುಕೂಲವಾಯಿತು. ವರ್ಷಗಳು ಕಳೆದವು.

*

“ನಿಮ್ಮ ಹತ್ರ ಒಂದು ಮಾತು ಹೇಳಬೇಕಿತ್ತು,” ಎಂದರು ನಿರ್ದೇಶಕರು, ಬಾಲ್ಕನಿಗೆ ಬಂದು. ಆಮೇಲೆ ಎಲ್ಲವನ್ನೂ ಹೇಳಿದರು. ನಾಲಿಗೆ ಎಲ್ಲೂ ತೊಡರಲಿಲ್ಲ. ಮನಸ್ಸಿನೊಳಗೆ ಎಷ್ಟೋ ಸಲ ಹೇಳಿಕೊಂಡಿದ್ದ ಮಾತು.

ತಂಗಿ ಅವರ ಮುಖವನ್ನೇ ನೋಡಿದಳು. “ಅಕ್ಕ ಕೊಡ್ಲಿಲ್ವಾ?”

“ಇಲ್ಲ. ನಾನು.”

“ಇವತ್ತು ಹೇಳ್ತಿದೀರಾ?”

“ತಪ್ಪಾಯ್ತು.”

“ಅಕ್ಕ ಆಸ್ಪತ್ರೆಯಿಂದ ಫೋನ್ ಮಾಡಿದ್ಳು, ಹೋದ ವಾರ. ಇವಳ ದನಿ ಅಂತ ಗೊತ್ತಾಗಿದ್ದೇ ಕಟ್ ಮಾಡ್ದೆ.” ಹಗ್ಗದ ಮೇಲಿದ್ದ ಅಕ್ಕನ ಟವೆಲ್ಲನ್ನು ಮುಟ್ಟಿ ಕೈ ಹಿಂದೆ ತೆಗೆದಳು. “ಏನು ಹೇಳೋದಿತ್ತೋ.”

ನಿರ್ದೇಶಕರ ಎದೆಯ ಭಾರ ಇಳಿದದ್ದು ನಿಜ. ಅದು ಎಲ್ಲಿ ಇಳಿಯಿತೆಂಬುದು ಎದುರಿಗೇ ಕಾಣುತ್ತಿತ್ತು. ಹಗುರಾದದ್ದಕ್ಕೇ ಅವರಿಗೆ ನಾಚಿಕೆಯಾಯಿತು.

ಕೆಳಗೆ ವ್ಯಾನ್ ಬಂದು ನಿಂತಿತು. ತಂಗಿ ಕೈಚೀಲವನ್ನು ನೆಲದ ಮೇಲಿಟ್ಟು ಒಳಗೆ ನಡೆದಳು. “ಎಲ್ರೂ ಸ್ವಲ್ಪ ಆಚೆ ಹೋಗಿ. ಭಾವ, ನೀವೂ.”

“ವ್ಯಾನ್ ಬಂತಲ್ಲಮ್ಮಾ.”

“ಕಾಯ್ಲಿ.”

ಬಾಗಿಲು ಮುಚ್ಚಿತು. ನೆರೆದವರು ಮೆಟ್ಟಿಲ ಮೇಲೆ ಒತ್ತೊತ್ತಾಗಿ ನಿಂತರು. ಒಳಗಿನಿಂದ ಕುರ್ಚಿ ಎಳೆದ ಸದ್ದು, ಆಮೇಲೆ ಮಾತು. ತಗ್ಗಿದ ದನಿ ನಡುನಡುವೆ ನಿಲ್ಲುತ್ತಿತ್ತು, ಇನ್ನೊಬ್ಬರು ಏನೋ ಹೇಳುವುದಕ್ಕೆ ಬಿಟ್ಟಹಾಗೆ. ಬಾಗಿಲಿಗೆ ಎಲ್ಲರಿಗಿಂತ ಹತ್ತಿರವಿದ್ದ ನಿರ್ದೇಶಕರಿಗೆ ಒಂದೆರಡು ಪದ ಸ್ಪಷ್ಟವಾಗಿ ಕೇಳಿಸಿದವು. ಅವರು ಜನರನ್ನು ಸರಿಸಿಕೊಂಡು ಒಂದು ಮಹಡಿ ಇಳಿದರು. ಅಲ್ಲಿಗೂ ಕೇಳುತ್ತಿತ್ತು. ಇನ್ನೊಂದು ಮಹಡಿ ಇಳಿದರು.