ಬಿಡದ ಬೆಸುಗೆ

ಸಿದ್ದಮಲ್ಲಪ್ಪ ಬೆಸುಗೆ ಹಾಕಿದ ರೇಡಿಯೊ ಅದೇ ಕಾಯಿಲೆಗೆ ಎರಡನೇ ಸಲ ಅಂಗಡಿ ಮೆಟ್ಟಿಲು ಹತ್ತುವುದಿಲ್ಲ ಎಂದು ಲಕ್ಷ್ಮೀಪುರಂನಲ್ಲಿ ಒಂದು ಕಾಲಕ್ಕೆ ಎಲ್ಲರೂ ಹೇಳುತ್ತಿದ್ದರು. ಬೆಸುಗೆ ಹಾಕುವ ದಪ್ಪನೆಯ ಐರನ್ನನ್ನು ಇದ್ದಿಲ ಒಲೆಯಲ್ಲಿ ಕಾಯಿಸಿ ತಂತಿಗೆ ಒತ್ತಿದನೆಂದರೆ, ಸೀಸ ತುಪ್ಪದಂತೆ ಕರಗಿ ಒಳಗೆಲ್ಲ ಇಳಿಯುವವರೆಗೂ ಅವನು ಕೈ ಕದಲಿಸುತ್ತಿರಲಿಲ್ಲ. ಕೆಲಸ ಮುಗಿದ ಮೇಲೆ ಪೆಟ್ಟಿಗೆಯೊಳಗೆ ಕೆಂಪು ಅರಗಿನ ಒಂದು ಚುಕ್ಕೆ ಇಡುತ್ತಿದ್ದ. ಅದೇ ಅವನ ರುಜು. ಜಂಬ ಇತ್ತು, ಇರಲಿ. ಜಂಬಕ್ಕೆ ತಕ್ಕ ಕೈಯೂ ಇತ್ತು.

ಅರವತ್ತನಾಲ್ಕನೇ ಇಸವಿಯ ಹೊತ್ತಿಗೆ ಊರ ತುಂಬ ಟ್ರಾನ್ಸಿಸ್ಟರ್ ರೇಡಿಯೊ ಬಂತು. ಗಾಜಿನ ವಾಲ್ವುಗಳ ದೊಡ್ಡ ರೇಡಿಯೊಗಳು ಮೂಲೆ ಸೇರಿದವು. "ಸೋಪಿನ ಡಬ್ಬಿ ಕಣ್ರೀ ಅದು, ಎಷ್ಟು ದಿನ ಹಾಡೀತು?" ಎಂದು ನಕ್ಕವನ ಅಂಗಡಿಗೇ ಬೀಗ ಬಿತ್ತು. ಹೆಂಡತಿ ಗಿರಿಜಾಂಬಾಳ ಕಾಟ ತಾಳಲಾರದೆ ಟ್ರಾನ್ಸಿಸ್ಟರ್ ಕಲಿಸುವ ಕ್ಲಾಸಿಗೂ ಹೋಗಿ ಹಿಂದಿನ ಬೆಂಚಿನಲ್ಲಿ ಕೂತು ಬಂದ. "ಈ ಸಾಮಾನು ಶಾಖ ತಡೆಯಲ್ಲ. ಸಣ್ಣ ಐರನ್ ಇಟ್ಕೊಳ್ಳಿ. ಶಾಖ ಇಕ್ಕಳಕ್ಕೆ ಹೋಗೋ ಹಾಗೆ ಅದರ ಕಾಲನ್ನ ಇಕ್ಕಳದಲ್ಲಿ ಹಿಡ್ಕೊಂಡು, ಮುಟ್ಟಿಸಿ ತಕ್ಷಣ ತೆಗೀರಿ" ಎಂದು ಮೇಷ್ಟ್ರು ಹೇಳಿದ್ದನ್ನು ಮನೆಯಲ್ಲಿ ಅಣಕಿಸಿ ತೋರಿಸಿದ. ಮುಟ್ಟಿಸಿ ತೆಗೆದರೆ ಅದನ್ನು ಬೆಸುಗೆ ಎನ್ನುತ್ತಾರೆಯೇ?

ಅಷ್ಟರಲ್ಲಿ ದೊಡ್ಡ ಎಲೆಕ್ಟ್ರಿಕ್ ಅಂಗಡಿಯ ರಾಮಯ್ಯ ಹೇಳಿಕಳಿಸಿದರು. ಅವರಿಗೆ ಟ್ರಾನ್ಸಿಸ್ಟರ್ ರಿಪೇರಿಗೆ ಸಂಬಳದ ಮೇಲೆ ಒಬ್ಬರು ಬೇಕಿತ್ತು. ಒಂದು ಮೂಗ ಸೆಟ್ಟನ್ನು ಕೈಗಿಟ್ಟು, "ಇದನ್ನ ಹಾಡ್ಸಿ ತನ್ನಿ ಸಿದ್ದಮಲ್ಲಪ್ಪನೋರೇ, ಆ ಕುರ್ಚಿ ನಿಮ್ದೇ" ಎಂದರು.

ದೋಷ ಹುಡುಕುವುದು ಅವನಿಗೆ ಕಷ್ಟವಾಗಲಿಲ್ಲ. ಒಳಗಿನ ಟ್ರಾನ್ಸಿಸ್ಟರ್ ಎಂಬ ಪುಟ್ಟ ಬಿಡಿಭಾಗಗಳಲ್ಲಿ ಒಂದು ಸತ್ತಿತ್ತು. ಹೊಸದು ಹಾಕಿದರೆ ಆಯಿತು. ಗಿರಿಜಾಂಬಾ ಇಕ್ಕಳ ತಂದು ಪಕ್ಕದಲ್ಲಿಟ್ಟಳು.

"ಇದ್ರಲ್ಲಿ ಹಿಡ್ಕೊಂಡು ಮಾಡಿ ಅಂತ ಮೇಷ್ಟ್ರು ಅಂದಿದ್ರಲ್ರೀ."

"ಕೈ ನಡುಗೋರಿಗೆ ಕಣೇ ಅದು. ನೀ ಸುಮ್ಕಿರು."

ಹಳೆಯ ಐರನ್ನನ್ನೇ ಕಾಯಿಸಿದ. ಒತ್ತಿ ಹಿಡಿದ. ಸೀಸ ಹರಿಯಿತು, ಇಳಿಯಿತು, ಬೆಳ್ಳಿಯಂತೆ ಹೊಳೆಯಿತು. ಇಷ್ಟು ಚಂದದ ಬೆಸುಗೆಯನ್ನು ಅವನೇ ಹಾಕಿ ಬಹಳ ದಿನವಾಗಿತ್ತು. ಸೆಲ್ಲು ಹಾಕಿ ತಿರುಗಿಸಿದರೆ ಸದ್ದಿಲ್ಲ. ಪಕ್ಕದ ಬೆಸುಗೆ ಸಡಿಲವಿರಬೇಕೆಂದು ಅದನ್ನೂ ಕಾಯಿಸಿದ, ಅದರಾಚೆಯದನ್ನೂ ಕಾಯಿಸಿದ. ಒಂದೊಂದಾಗಿ ಎಲ್ಲವನ್ನೂ ತನ್ನ ಕೈಯಾರೆ ಸುಟ್ಟು ಸಾಯಿಸುತ್ತಿದ್ದೇನೆ ಎಂದು ತಲೆಗೆ ಹೊಳೆಯುವ ಹೊತ್ತಿಗೆ ಉಳಿಸಲು ಏನೂ ಇರಲಿಲ್ಲ. ಗಿರಿಜಾಂಬಾ ಏನಾದರೂ ಬೈದಿದ್ದರೆ ಜಗಳವಾಡಿ ಹಗುರಾಗುತ್ತಿದ್ದ. ಅವಳು ಇಕ್ಕಳವನ್ನು ಎತ್ತಿಟ್ಟಳು, ಅಷ್ಟೆ. ಅವನಿಗೆ ನಾಚಿಕೆಯಿಂದ ಸಾಯುವಂತಾಯಿತು.

ಕುರ್ಚಿ ಅದೇ ಕ್ಲಾಸಿನಲ್ಲಿ ಕಲಿತ ಮಹದೇವುಗೆ ಹೋಯಿತು. ರಾಮಯ್ಯ ಒಳ್ಳೆಯವರು, ಒಳ್ಳೆಯವರ ಕೈಯಲ್ಲಿ ಅವಮಾನ ಇನ್ನೂ ಚೆನ್ನಾಗಿ ಆಗುತ್ತದೆ. "ನಿಮ್ಮನ್ನ ಬರಿಗೈಲಿ ಕಳಿಸಕ್ಕೆ ಮನಸ್ಸಿಲ್ಲ. ಹಿತ್ತಲಲ್ಲಿ ಜನ ಕೊಟ್ಟು ಹೋಗಿರೋ ಹಳೇ ವಾಲ್ವ್ ಸೆಟ್ಟುಗಳು ಬಿದ್ದವೆ. ಬಿಚ್ಚಿ ತಾಮ್ರ ಬೇರೆ ಮಾಡ್ಕೊಡಿ" ಎಂದರು. ಮನೆಯ ಒಲೆ ಉರಿಯಬೇಕಲ್ಲ, ಒಪ್ಪಿಕೊಂಡ.

ಮೊದಲ ಪೆಟ್ಟಿಗೆಯ ಹಿಂಬದಿ ತೆಗೆದ. ಒಳಗೆ ಕೆಂಪು ಚುಕ್ಕೆಯಿತ್ತು. ಅದರ ಕೆಳಗಿದ್ದ ಪೆಟ್ಟಿಗೆಯಲ್ಲೂ ಇತ್ತು. ಗುಜರಿ ಬಿಚ್ಚಲು ಯಾರೂ ಇದ್ದಿಲು ಸುಡುವುದಿಲ್ಲ, ಇಕ್ಕಳ ಹಾಕಿ ಎಳೆದ, ಕಾಲು ಕೊಟ್ಟು ಎಳೆದ. ತಂತಿ ತುಂಡಾಯಿತೇ ಹೊರತು ಬೆಸುಗೆ ಬಿಡಲಿಲ್ಲ. ಅಂಗೈ ಕಿತ್ತು ರಕ್ತ ಬಂತು.

ಮಧ್ಯಾಹ್ನ ರಾಮಯ್ಯ ಹಿತ್ತಲಿಗೆ ಬಂದರು. "ಏನಿದು ಸಿದ್ದಮಲ್ಲಪ್ಪನೋರೇ, ಇನ್ನೂ ಒಂದೇ ಸೆಟ್ಟಾ?"

ಅವನು ತಲೆ ಎತ್ತಲಿಲ್ಲ. ಚುಕ್ಕೆಯ ಮೇಲೆ ಹೆಬ್ಬೆರಳಿಟ್ಟು ಮುಚ್ಚಿಕೊಂಡ.

"ಬಿಡ್ತಾ ಇಲ್ಲ ಸ್ವಾಮಿ" ಎಂದ. "ಯಾವನೋ ಬಡ್ಡೀಮಗ ಗಟ್ಟಿಯಾಗಿ ಬೆಸೆದ್ಬುಟ್ಟವ್ನೆ."