ಅಕ್ಕನ ಜೇಬು

ಸೊಂಟದಿಂದ ಕೆಳಗೆ ನನ್ನ ಮಾತು ಕೇಳುವವರು ಯಾರೂ ಇಲ್ಲ. ಕಾಲುಗಳ ಬದಲು ಎರಡು ಕೈಯಲ್ಲಿ ಎರಡು ಬೆತ್ತ ಹಿಡಿದು, ಮೈಯ ಭಾರವನ್ನು ಅತ್ತಿತ್ತ ವಾಲಿಸಿ ಕುದುರೆ ನಡೆಸುತ್ತೇನೆ. ನನ್ನದು ಡ್ರೆಸಾಜ್ ಎಂಬ ಕುದುರೆ ಸವಾರಿಯ ಸ್ಪರ್ಧೆ; ಅದು ಓಟವಲ್ಲ, ಜಿಗಿತವೂ ಅಲ್ಲ. ಸವಾರರು ಏನು ಹೇಳಿದರೆಂದು ಕುದುರೆಗೆ ಮಾತ್ರ ತಿಳಿಯಬೇಕು, ನೋಡುವವರಿಗೆ ತಿಳಿಯಬಾರದು. ಹೀಗೆ ಗೆದ್ದ ಪದಕಗಳು ನಮ್ಮ ಹಜಾರದ ಗೋಡೆಯ ಮೇಲಿವೆ.

ತಂಡದ ಆಯ್ಕೆ ಹತ್ತಿರ ಬಂದಾಗ, ಫೋನಿನಲ್ಲಿ ನನ್ನದೇ ಹಳೆಯ ವಿಡಿಯೊಗಳನ್ನು ನೋಡುತ್ತಿದ್ದಾಗ ತಲೆಗೆ ಹುಳ ಹೊಕ್ಕಿತು. ನಮ್ಮ ಕುದುರೆ ಸಾಹುಕಾರ (ಅವನ ಗತ್ತಿಗೆ ಇಟ್ಟ ಹೆಸರು) ನಿಲ್ಲುವ ಮುನ್ನ ಪ್ರತಿ ಸಲವೂ ಬೇಲಿಯಾಚೆ ಅಕ್ಕನ ಕೈ ಜೇಬಿಗೆ ಹೋಗುತ್ತಿತ್ತು. ಜೇಬಿನಲ್ಲಿ ಕ್ಯಾರೆಟ್. ಅವನನ್ನು ಪಳಗಿಸಿದವಳೂ ಅಕ್ಕನೇ. ಹಾಗಾದರೆ ಇಷ್ಟು ವರ್ಷ ಅವನು ನಿಂತದ್ದು ನನ್ನ ಮಾತಿಗೋ, ಅವಳ ಜೇಬಿಗೋ? ಹೊರಗಿನವರು ಸನ್ನೆ ಮಾಡಿದರೆ ಸ್ಪರ್ಧೆಯಿಂದ ಹೊರಕ್ಕೆ ಹಾಕುತ್ತಾರೆ. ಅದಿರಲಿ, ಆ ಪದಕಗಳು ಯಾರವು?

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಆಮೇಲೆ ಅಕ್ಕ ಕೆಮ್ಮಿದರೂ ನನಗೆ ಸನ್ನೆ, ಕೂದಲು ಸರಿಸಿದರೂ ಸನ್ನೆ. ಲಾಯದಲ್ಲಿ ಅವಳು ಸಾಹುಕಾರನ ಮೈ ಉಜ್ಜುತ್ತಿದ್ದಾಗ ಹೇಳಿಯೇಬಿಟ್ಟೆ.

"ಆಯ್ಕೆ ದಿನ ನೀನು ಬೇಲಿ ಹತ್ರ ಬರಬೇಡ."

"ಯಾಕೆ?"

"ನಿನ್ನ ಕೈ ನೋಡಿದೀನಿ."

ಬ್ರಷ್ಷು ನಿಂತಿತು. "ನಾನು ಮೋಸ ಮಾಡ್ತೀನಿ ಅಂತೀಯಾ?"

"ನಾನೆಲ್ಲಿ ಹಾಗಂದೆ? ಕುಂಬಳಕಾಯಿ ಕಳ್ಳ ಅಂದ್ರೆ ನೀನ್ಯಾಕೆ ಹೆಗಲು ಮುಟ್ಟಿ ನೋಡ್ಕೋತೀಯ?"

ಅಕ್ಕ ಜೇಬನ್ನು ಒಳಹೊರಗು ಮಾಡಿ ಕ್ಯಾರೆಟ್ ಚೂರುಗಳನ್ನೆಲ್ಲ ಬಕೆಟ್ಟಿಗೆ ಸುರಿದಳು. "ಸರಿ. ಕುದುರೆ ಲಾರಿಯಲ್ಲೇ ಕೂತಿರ್ತೀನಿ." ಅದೂ ನಾಟಕವೆಂದೇ ನನಗನ್ನಿಸಿತು.

ಆಯ್ಕೆಯ ದಿನ ಎಲ್ಲವೂ ಬೆಣ್ಣೆಯಿಂದ ಕೂದಲು ತೆಗೆದಂತೆ ಸಾಗಿತು. ಕೊನೆಯದು, ಅಂಗಳದ ನಡುವೆ ಬಂದು ನಿಂತು ತೀರ್ಪುಗಾರರಿಗೆ ವಂದಿಸುವುದು. ಉಸಿರು ಬಿಟ್ಟು ಮೈಯ ಭಾರ ಇಳಿಸಿ ನಿಲ್ಲೆಂದೆ. ಸಾಹುಕಾರ ಕಂಬದಂತೆ ನಿಂತ. ನನ್ನ ಮಾತಿಗೇ ನಿಂತ! ಮರುಕ್ಷಣವೇ ಬೇಲಿಯತ್ತ ಒಂದು ಹೆಜ್ಜೆ ಇಟ್ಟ. ಆ ಒಂದು ಹೆಜ್ಜೆಗೆ ಅಂಕ ಹೋಯಿತು, ಅಂಕದ ಜೊತೆ ತಂಡದ ಜಾಗವೂ ಹೋಯಿತು.

ಲಾರಿಯ ಬಳಿ ಬಂದವಳೇ ಹರಿಹಾಯ್ದೆ. "ನೋಡು ನಿನ್ನ ಕ್ಯಾರೆಟ್ಟಿನ ಮಹಿಮೆ! ಅಲ್ಲೂ ನಿನ್ನನ್ನೇ ಹುಡುಕಿದ."

ಅಕ್ಕ ಫೋನು ಹೊರತೆಗೆದಳು. ನಮ್ಮ ತರಬೇತುದಾರರು ಆಗಷ್ಟೇ ಕಳಿಸಿದ್ದ ನನ್ನ ಸವಾರಿಯ ವಿಡಿಯೊ ಹಚ್ಚಿ ನನ್ನ ಕೈಗಿಟ್ಟಳು.

"ನೀನು ಉಸಿರು ಬಿಟ್ಟಾಗ ನಿನ್ನ ಭುಜ ಇಳಿಯುತ್ತೆ. ಅದನ್ನ ನೋಡೇ ನನ್ನ ಕೈ ಜೇಬಿಗೆ ಹೋಗ್ತಿದ್ದಿದ್ದು, ನಿಂತ ಮೇಲೆ ಅವನಿಗೆ ಕೊಡೋಕೆ. ನೀನು ನನ್ನ ಕೈ ಮಾತ್ರ ನೋಡಿದೆ. ಈಗ ನಿನ್ನನ್ನ ನೋಡ್ಕೋ."

ನೋಡಿದೆ. ಸಾಹುಕಾರ ನೇರ ನಿಂತಿದ್ದ, ಅವನ ಎರಡೂ ಕಿವಿ ನನ್ನ ಕಡೆಗೇ ಇದ್ದವು. ನನ್ನ ತಲೆ ಮಾತ್ರ ಬೇಲಿಯ ಖಾಲಿ ಜಾಗದತ್ತ ತಿರುಗಿತ್ತು. ತಲೆಯ ಹಿಂದೆ ಭುಜ, ಭುಜದ ಹಿಂದೆ ಮೈಯ ಭಾರವೆಲ್ಲ ಅತ್ತ ವಾಲಿತ್ತು. ಆಮೇಲೆಯೇ ಅವನು ಹೆಜ್ಜೆ ಎತ್ತಿದ್ದು.

"ಅವನು ನನ್ನನ್ನ ಹುಡುಕಲಿಲ್ಲ ಕಣೆ," ಅಂದಳು ಅಕ್ಕ. "ಹುಡುಕಿದ್ದು ನೀನು."