ಅಪ್ಪನ ಬಲಗಡೆಯ ಸೀಟು

ಭಾನುವಾರ ಎಲ್ಲರೆದುರು ಒಂದು ಮಾತು ಆಡಬೇಕು, ಆಗ ದನಿ ಒಡೆದುಬಿಟ್ಟರೆ? ಅಚಿಯಾ ದಿನಚರಿಯಲ್ಲಿ ಇಷ್ಟನ್ನೇ ಬರೆದು ಪೆನ್ನಿಗೆ ಮುಚ್ಚಳ ಹಾಕಿದಳು. ಆಡಬೇಕಾದ ಮಾತಾದರೂ ಎಷ್ಟು? 'ಇವರನ್ನು ನಾನು ಬಲ್ಲೆ, ಇವರ ಪರವಾಗಿ ನಾನು ನಿಲ್ಲುತ್ತೇನೆ.' ಕಾಲೇಜಿನಲ್ಲಿ ಹಾಜರಿ ಕೂಗಿದಾಗ ಓಗೊಡಲೂ ಬೆವರುತ್ತಿದ್ದವಳಿಗೆ ಅಷ್ಟೇ ಗುಡ್ಡದಷ್ಟಾಗಿತ್ತು. ಆದರೆ ಅವಳ ನಿಜವಾದ ಹೆದರಿಕೆ ಅದಾಗಿರಲಿಲ್ಲ. ನಿಜವಾದದ್ದನ್ನು ದಿನಚರಿಗೆ ಹೇಳುವುದಕ್ಕೂ ಅವಳಿಗೆ ಧೈರ್ಯ ಬಂದಿರಲಿಲ್ಲ. ಬರೆಯದಿದ್ದರೆ ಅದು ಇಲ್ಲವಾದೀತೋ ಎಂಬ ಆಸೆ.

ಅಪ್ಪ ಅಡೋಮಾಕೊ ಕುಮಾಸಿ ನಗರದಲ್ಲಿ ಟ್ಯಾಕ್ಸಿ ಓಡಿಸಲು ತೊಡಗಿದ್ದು ಅವಳು ಹುಟ್ಟುವುದಕ್ಕೂ ಮೊದಲು. ಈಗಿರುವ ಕಾರು ಸುವಾಮೆಯ ಗ್ಯಾರೇಜುಗಳಲ್ಲಿ ಎಷ್ಟು ಸಲ ಬೆಸುಗೆ ಹಾಕಿಸಿಕೊಂಡಿತ್ತೆಂದರೆ, "ಅಡೋಮಾಕೊ, ಇದರಲ್ಲಿ ಕಾರು ಎಲ್ಲಿದೆಯಪ್ಪಾ, ಬರೀ ವೆಲ್ಡಿಂಗೇ ಕಾಣ್ತದೆ" ಎಂದು ಸ್ಟ್ಯಾಂಡಿನವರು ಆಡಿಕೊಳ್ಳುತ್ತಿದ್ದರು. ಹೊಸದು ಬೇಕು ಎನ್ನುವುದರಲ್ಲಿ ಮನೆಯಲ್ಲಿ ಎರಡು ಮಾತಿರಲಿಲ್ಲ. ಯಾವಾಗ, ಹೇಗೆ ಎಂಬಲ್ಲೇ ಜಗಳ. ಮಳೆಗಾಲ ಪೂರ್ತಿ ಅದು ಊಟದ ಫುಫು ಮುದ್ದೆ ಕುಟ್ಟುವ ಸದ್ದಿನ ಜೊತೆಜೊತೆಗೇ ನಡೆದಿತ್ತು.

"ಈಸ್ಟರ್ ಕಳೀಲಿ," ಎನ್ನುತ್ತಿದ್ದಳು ಅಮ್ಮ ಪೊಕುವಾ, ಬೇಯಿಸಿ ಮಾರುವ ಕೆಂಕೆ ಹಿಟ್ಟಿನುಂಡೆಗಳಿಗೆ ಮೆಕ್ಕೆಜೋಳದ ಸಿಪ್ಪೆ ಸುತ್ತುತ್ತ. "ಹಳೇದನ್ನ ಮಾರೋಣ. ನನ್ನ ಚೀಟಿ ದುಡ್ಡೂ ಅಷ್ಟೊತ್ತಿಗೆ ಬರತ್ತೆ. ಅರ್ಧ ಕೈಯಿಂದ, ಅರ್ಧ ಬ್ಯಾಂಕಿಂದ. ಮೊದಲ ದಿನದಿಂದ್ಲೇ ಕಾರು ನಮ್ಮ ಹೆಸರಲ್ಲಿರತ್ತೆ."

"ಈಸ್ಟರ್ ತನಕ ಡಾಲರ್ ನಿನಗೋಸ್ಕರ ಕಾಯ್ತಾ ಕೂತಿರತ್ತಾ? ಹಡಗಿಂದ ಇಳಿಯೋ ಕಾರಿನ ಬೆಲೆಗೆ ಅಷ್ಟರಲ್ಲಿ ಇನ್ನೊಂದು ಬಾಲ ಬೆಳೆದಿರತ್ತೆ. ಕ್ರಿಸ್‌ಮಸ್‌ಗೆ ಮುಂಚೆ ತಗೋಬೇಕು ಕಣೇ. ಊರಿಗೆ ಹೋಗೋರ ದುಡ್ಡೆಲ್ಲ ಆಗಲೇ ಸುರಿಯೋದು."

"ಅಷ್ಟು ಬೇಗ ಬ್ಯಾಂಕಿನೋರು ಕೊಡಲ್ಲ."

"ಬ್ಯಾಂಕು ಯಾರಿಗೆ ಬೇಕು? ಡುಫೀ ಇದಾಳಲ್ಲ."

ಡುಫೀ ಆಂಟಿ ಕೆಜೇಟಿಯಾ ಮಾರುಕಟ್ಟೆಯ ಬಟ್ಟೆ ವ್ಯಾಪಾರಿ. ಬಟ್ಟೆಯಲ್ಲಿ ಬಂದ ಲಾಭದಿಂದ ಕಾರು ಕೊಂಡು ಡ್ರೈವರುಗಳಿಗೆ 'ದುಡಿದು ತೀರಿಸು' ಎಂಬ ಕರಾರಿನ ಮೇಲೆ ಕೊಡುತ್ತಿದ್ದಳು. ಪ್ರತಿ ಶುಕ್ರವಾರ ಡ್ರೈವರ್ ಗೊತ್ತುಮಾಡಿದ ಹಣ ತಂದು ಅವಳ ಅಂಗಡಿಯಲ್ಲಿ ಎಣಿಸಬೇಕು. ಜ್ವರ ಬಂದರೂ ಶುಕ್ರವಾರ ತಪ್ಪುವಂತಿಲ್ಲ. ಎರಡು ವರ್ಷ ಹೀಗೆ ನಡೆದರೆ ಕಾರು ಡ್ರೈವರನದು. ಅಷ್ಟರಲ್ಲಿ ಅವನು ಅದರ ಬೆಲೆಯ ಎರಡರಷ್ಟು ಕಕ್ಕಿರುತ್ತಾನೆ. ಡ್ರೈವರನ ಪರವಾಗಿ ಒಬ್ಬರು ಸಾಕ್ಷಿ ನಿಲ್ಲಲೇಬೇಕು. ಕಾರಿಗೆ ಏನಾದರೂ ಆದರೆ ಡುಫೀ ಬಂದು ನಿಲ್ಲುವುದು ಆ ಸಾಕ್ಷಿಯ ಬಾಗಿಲಲ್ಲಿ. ಅಪ್ಪ ಸ್ಟ್ಯಾಂಡಿನ ಗೆಳೆಯನೊಬ್ಬನ ಹೆಸರು ಹೇಳಿದಾಗ ಅವಳು ಕೈಯಾಡಿಸಿಬಿಟ್ಟಳು.

"ಬೆಕ್ಕಿಗೆ ಬೆಕ್ಕೇ ಜಾಮೀನಾ? ಡಿಗ್ರಿ ಮಾಡಿದ ಮಗಳಿದಾಳಲ್ಲ ನಿನಗೆ, ಶಾಲೇಲಿ ಪಾಠ ಮಾಡ್ತಿರೋಳು? ಅವಳು ನಿಲ್ಲಲಿ. ಸುಳ್ಳು ಹೇಳೋ ಮುಖ ಅಲ್ಲ ಅದು."

ಅಪ್ಪ ಇದನ್ನು ಮನೆಗೆ ಬಂದು ಹೆಮ್ಮೆಯಿಂದ ಹೇಳಿದಾಗ ಅಚಿಯಾ ಮಾತ್ರ ಹಿಗ್ಗಲಿಲ್ಲ.

ಯಾಕೆಂದರೆ ಅವಳಿಗೆ ಗೊತ್ತಿತ್ತು. ಒಂದು ಬೆಳಿಗ್ಗೆ ಅಪ್ಪನಿಗೆ ನೀರಿನ ಲೋಟ ಚಾಚಿದ್ದಳು. ಅವನು ಅದನ್ನು ನೋಡಲೇ ಇಲ್ಲ. ಕೋಪ ಬಂದಿರಬೇಕು ಅಂದುಕೊಂಡಳು. ಎಡಗಡೆಗೆ ಹೋಗಿ ಚಾಚಿದಾಗ, "ಓ, ನೀರಾ, ತಾ ಮಗಾ" ಎಂದು ಪ್ರೀತಿಯಿಂದಲೇ ತೆಗೆದುಕೊಂಡ. ಆಮೇಲೆ ಅವಳು ಸುಮ್ಮನೆ ಗಮನಿಸುತ್ತ ಹೋದಳು. ಬಾಗಿಲ ಬಲ ಚೌಕಟ್ಟಿಗೆ ಅವನ ಭುಜ ತಾಗುತ್ತಿತ್ತು. ಬಲಗಡೆಯಿಂದ ಬಂದು ನಮಸ್ಕಾರ ಹೇಳಿದವರಿಗೆ ಬೆಚ್ಚಿ ಬೀಳುತ್ತಿದ್ದ. ಅಪ್ಪನ ತಾಯಿ, ನಾನಾ ಅಜ್ಜಿ, ಕಣ್ಣು ಪೂರ್ತಿ ಹೋಗಿದ್ದ ಕೊನೆಗಾಲದಲ್ಲಿ ಹೇಳುತ್ತಿದ್ದ ಮಾತು ಆಗ ನೆನಪಾಯಿತು: "ಬಟ್ಟೆ ಅಂಚು ಮಡಚ್ತಾ ಬಂದ ಹಾಗೆ ಲೋಕ ಚಿಕ್ಕದಾಗ್ತಾ ಬಂತು ಕಣಮ್ಮಾ, ಒಂದಿನ ಪೂರ್ತಿ ಮಡಚಿಟ್ಟರು."

ಅಂದಿನಿಂದ ಅಚಿಯಾ ಶಾಲೆಗೆ ನಡೆದು ಹೋಗುವುದನ್ನು ಬಿಟ್ಟು ಅಪ್ಪನ ಪಕ್ಕದಲ್ಲಿ, ಸ್ಟೀರಿಂಗ್ ಎಡಕ್ಕಿರುವ ಅಲ್ಲಿನ ಕಾರಿನ ಬಲಗಡೆಯ ಸೀಟಿನಲ್ಲಿ ಕೂರತೊಡಗಿದಳು. ಮಾತೇ ಆಡದ ಹುಡುಗಿ ಕಾರಿನಲ್ಲಿ ಮಾತ್ರ ಬಾಯಿಬಡುಕಿಯಾದಳು. "ಅಪ್ಪಾ, ಆ ಮೇಕೆ ನೋಡು ಹೇಗೆ ಬರ್ತಿದೆ," "ಅಪ್ಪಾ, ಆ ಕಿತ್ತಳೆ ಮಾರೋಳು ರಸ್ತೆಗೇ ಇಳಿದಿದಾಳೆ." ಅಪ್ಪ ನಗುತ್ತಿದ್ದ, ಆದರೆ ಪ್ರತಿ ಸಲವೂ ಬ್ರೇಕಿನ ಮೇಲೆ ಕಾಲಿಡುತ್ತಿದ್ದ. ಅವಳು ಇಳಿದ ಮೇಲೆ, ಉಳಿದ ಇಡೀ ದಿನ ಆ ಸೀಟಿನಲ್ಲಿ ಯಾರೋ ಪ್ರಯಾಣಿಕರು. ಶಾಲೆಯಲ್ಲಿ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿರುವಾಗ ಹೊರಗೆ ಎಲ್ಲಿಯೋ ಹಾರ್ನ್ ಬಾರಿಸಿದರೂ ಅವಳ ಕೈಯ ಸೀಮೆಸುಣ್ಣ ನಿಂತುಬಿಡುತ್ತಿತ್ತು.

ಶನಿವಾರ ಮಧ್ಯಾಹ್ನ ಹೊಸ ಕಾರು ನೋಡಲು ಹೋದರು. ತೇಮಾ ಬಂದರಿನಿಂದ ಆಗಷ್ಟೇ ಬಂದದ್ದು, ಸೀಟಿನ ಪ್ಲಾಸ್ಟಿಕ್ಕನ್ನೂ ಬಿಚ್ಚಿರಲಿಲ್ಲ. ಡುಫೀ ಹಿಂದಿನ ಸೀಟಿನಲ್ಲಿ ಸುಟ್ಟ ಬಾಳೆಕಾಯಿ, ಕಡಲೆಬೀಜದ ಪೊಟ್ಟಣದೊಂದಿಗೆ ಮಹಾರಾಣಿಯ ಹಾಗೆ ಕುಳಿತಳು.

"ಓಡಿಸು ಡ್ರೈವರ್, ನೋಡೋಣ. ನನ್ನ ದುಡ್ಡು ಹೇಗೆ ಓಡತ್ತೆ ಅಂತ ನಾನೂ ನೋಡ್ಬೇಕು."

"ನಿಮ್ಮ ದುಡ್ಡು ಓಡಲ್ಲ ಆಂಟಿ, ಹಾರತ್ತೆ!" ಎಂದ ಅಪ್ಪ. ಅವನ ದನಿಯಲ್ಲಿ ಎಷ್ಟೋ ದಿನದಿಂದ ಕೇಳದ ಹುರುಪಿತ್ತು. ಕಾರು ಬೆಣ್ಣೆಯ ಹಾಗೆ ಜಾರಿಕೊಂಡು ಹೋಯಿತು. ಹಳೆಯದರ ಗಡಗಡ ಇಲ್ಲ, ಹೊಗೆಯಿಲ್ಲ. ಅಚಿಯಾಳನ್ನು ಹೆದರಿಸಿದ್ದು ಅದೇ. ಹಳೆಯ ಕಾರಿಗೆ ವೇಗ ಗೊತ್ತಿರಲಿಲ್ಲ.

ಮಾರುಕಟ್ಟೆಯ ತಿರುವು ದಾಟಿದ್ದರಷ್ಟೇ. ಬಲಗಡೆ ಜನ ಹತ್ತಿಸಿಕೊಳ್ಳಲು ನಿಂತಿದ್ದ ಟ್ರೊಟ್ರೊ ವ್ಯಾನಿನ ಮುಂದಿನಿಂದ ಒಬ್ಬಾಕೆ ರಸ್ತೆಗಿಳಿದಳು. ತಲೆಯ ಮೇಲೆ ಬೋಗುಣಿ ತುಂಬ ಟೊಮೆಟೊ, ಬೆನ್ನಿಗೆ ಕಟ್ಟಿದ ಮಗು. ಕಾರು ಇನ್ನೇನು ನಿಧಾನವಾಗುತ್ತದೆ ಎಂದು ಅಚಿಯಾ ಕಾದಳು. ಆಗಲಿಲ್ಲ. ಅಪ್ಪ ಡುಫೀಯ ಯಾವುದೋ ಮಾತಿಗೆ ನಗುತ್ತಿದ್ದ, ಖಾಲಿ ರಸ್ತೆಯನ್ನು ನೋಡುವವನ ಹಾಗೆ ಮುಂದೆ ನೋಡುತ್ತಿದ್ದ.

"ಅಪ್ಪಾ!"

ಚಕ್ರಗಳು ಕಿರುಚಿದವು. ಟೊಮೆಟೊಗಳು ಬಾನೆಟ್ಟಿನ ಮೇಲೆ ದಡಬಡ ಉರುಳಿದವು. ಆಕೆ ಬಂಪರಿಗೆ ಒಂದು ಗೇಣು ದೂರದಲ್ಲಿ ನಿಂತಿದ್ದಳು. ಬೆನ್ನಿನ ಮಗುವಿನ ಕಾಲು ಮಾತ್ರ ಅಚಿಯಾಳಿಗೆ ಕಾಣುತ್ತಿತ್ತು. ಅದು ಅಲುಗಾಡಿತು. ಆಮೇಲೆ ಆಕೆ ಬಾಯಿಬಿಟ್ಟಳು.

"ಕಣ್ಣು ಮಾರ್ಕೊಂಡು ಕಾರು ಕೊಂಡ್ಯಾ, ಮುದಿಯಾ?"

"ನೀನ್ಯಾಕೆ ವ್ಯಾನಿನ ಮುಂದಿಂದ ನುಗ್ತೀಯೆ, ನಿನಗೆ ಹುಚ್ಚಾ?" ಎಂದು ಡುಫೀ ಹಿಂದಿನ ಕಿಟಕಿಯಿಂದಲೇ ಜಗಳಕ್ಕಿಳಿದಳು. ಟೊಮೆಟೊಗೆ ದುಡ್ಡು ಕೊಟ್ಟು, ಅಪ್ಪನ ಭುಜ ತಟ್ಟಿದಳು. "ಏನು ಬ್ರೇಕಯ್ಯಾ! ಬೇರೆಯವನಾಗಿದ್ರೆ ಹೊಡೆದೇ ಬಿಡ್ತಿದ್ದ. ನಾಳೆ ಬಾಟಲಿ ತಂದು ಮಾತು ಮುಗಿಸೋಣ."

ಡುಫೀಯನ್ನು ಅವಳ ಅಂಗಡಿಯಲ್ಲಿಳಿಸಿದ ಮೇಲೆ ಅಪ್ಪ ಕಾರು ನಿಲ್ಲಿಸಿ ಬಾನೆಟ್ಟಿನ ಮೇಲಿನ ಕೆಂಪನ್ನು ಬಟ್ಟೆಯಿಂದ ಒರೆಸತೊಡಗಿದ. ಎಡಗಡೆ ಚೊಕ್ಕವಾಯಿತು. ಬಲಗಡೆಯ ಮೂಲೆಯಲ್ಲಿ ಟೊಮೆಟೊದ ಸಿಪ್ಪೆ ಹಾಗೇ ಅಂಟಿಕೊಂಡಿತ್ತು. ಅಚಿಯಾ ಬೆರಳಿನಿಂದ ಅದನ್ನು ತೆಗೆದಳು.

"ಎರಡು ವರ್ಷ ಸಾಕು ಮಗಾ," ಎಂದ ಅಪ್ಪ, ಬಟ್ಟೆಯನ್ನು ಹಿಂಡುತ್ತ. "ಹೇಗಾದ್ರೂ ಎರಡು ವರ್ಷ ನೂಕಿಬಿಟ್ರೆ ಕಾರು ನಮ್ಮದು. ಆಮೇಲೆ ಯಾವನಿಗಾದ್ರೂ ಓಡಿಸೋಕೆ ಕೊಟ್ಟು ನಾನು ಮನೇಲಿ ಕೂತ್ಕೋತೀನಿ. ನಿಮ್ಮಮ್ಮನ್ನ ಆ ಬೆಂಕಿ ಮುಂದಿಂದ ಎಬ್ಬಿಸ್ತೀನಿ. ಈಗ ತಗೊಳ್ಳದೇ ಇದ್ರೆ..." ಮಾತು ಅಲ್ಲೇ ನಿಂತಿತು.

ಹಾಗಾದರೆ ಅವನಿಗೂ ಗೊತ್ತು. ಡಾಲರಿಗೂ ಕ್ರಿಸ್‌ಮಸ್ಸಿಗೂ ಹೆದರಿ ಅವಸರ ಮಾಡಿದವನಲ್ಲ ಅಪ್ಪ. ಲೋಕ ಪೂರ್ತಿ ಮಡಚಿಹೋಗುವ ಮುಂಚೆ ಕಾರು ತೀರಿಸಿಬಿಡಬೇಕೆಂದು ಪಣ ಕಟ್ಟಿದ್ದ. ಪಣಕ್ಕೆ ಇಟ್ಟದ್ದು ರಸ್ತೆಯ ಬಲಗಡೆ ನಡೆಯುವವರನ್ನೆಲ್ಲ.

"ನಾಳೆ ಆ ಒಂದು ಮಾತು ಹೇಳ್ತೀಯಲ್ಲ?" ಎಂದು ಅವನು ಕೇಳಿದ, ಸಾಲ ಕೇಳುವವನ ದನಿಯಲ್ಲಿ. ಅವಳು ತಲೆಯಾಡಿಸಿದಳು. ಹೌದೆಂದೋ ಅಲ್ಲವೆಂದೋ ಅವಳಿಗೇ ತಿಳಿಯಲಿಲ್ಲ.

ಭಾನುವಾರ ಚರ್ಚಿನಿಂದ ಬಂದ ಮೇಲೆ ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿಗಳನ್ನು ಹಾಕಿದರು. ಡುಫೀ ಬಂದಳು, ಹೊಳೆಯುವ ಬಟ್ಟೆ ಸರಿಪಡಿಸಿಕೊಳ್ಳುತ್ತ. ಅಮ್ಮನ ಅಣ್ಣ ವೋಫಾ ಯಿಯಾಡೊಮ್ ಮಾತು ನಡೆಸಿಕೊಡುವವನು. ಅಪ್ಪ ತಂದ ಶ್ನ್ಯಾಪ್ಸ್ ಮದ್ಯದ ಬಾಟಲಿ ಅವನ ಮುಂದೆ ಸ್ಟೂಲಿನ ಮೇಲಿತ್ತು. ಸಾಕ್ಷಿ ಮಾತು ಕೊಟ್ಟ ಮೇಲೆ ಅದರ ಮುಚ್ಚಳ ಒಡೆಯಬೇಕು; ಒಡೆದು ಕುಡಿದರೆ ಮುಗಿಯಿತು, ಆಮೇಲೆ ಯಾರೂ ಹಿಂದೆ ಸರಿಯುವಂತಿಲ್ಲ. ಅಮ್ಮನೂ ಈಸ್ಟರಿನ ಮಾತು ಬಿಟ್ಟು ಸೋತವಳಂತೆ ನಗುತ್ತಿದ್ದಳು.

"ಅಚಿಯಾ," ಎಂದ ವೋಫಾ, ಗಂಟಲು ಸರಿಮಾಡಿಕೊಂಡು. "ಈ ಮನುಷ್ಯನನ್ನ ಬಲ್ಲೆಯಾ? ಇವನ ಪರವಾಗಿ ನಿಲ್ತೀಯಾ? ಈ ಬಾಟಲಿ ಒಡೀಲಾ?"

ಅವಳು ಬಾಟಲಿಯ ಮುಚ್ಚಳವನ್ನೇ ನೋಡುತ್ತಿದ್ದಳು. ಕುರ್ಚಿಗಳಲ್ಲಿದ್ದವರು ಕಾದರು.

"ಓಹೋ, ಮದುವೆ ಹೆಣ್ಣಿನ ಹಾಗೆ ಮೂರು ಸಲ ಕೇಳಬೇಕಂತೆ ಇವಳಿಗೆ!" ಎಂದು ವೋಫಾ ತೊಡೆ ತಟ್ಟಿದ. ಎಲ್ಲರೂ ನಕ್ಕರು. "ನನ್ನ ಗಂಟಲು ಒಣಗ್ತಿದೆ ಕಣಮ್ಮಾ, ಬೇಗ ಹೇಳು. ಒಡೀಲಾ?"

"ಹೇಳೇ," ಎಂದು ಅಮ್ಮ ಮೊಣಕೈಯಿಂದ ತಿವಿದಳು. "ಡಿಗ್ರಿ ಕೊಟ್ಟೋರು ನಾಲಿಗೆ ಇಟ್ಕೊಂಡ್ರಾ?"

ಡುಫೀ ಮಾತ್ರ ನಗಲಿಲ್ಲ. ಅವಳು ಅಚಿಯಾಳ ಮುಖವನ್ನೇ ನೋಡುತ್ತಿದ್ದಳು, ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡುವ ಹಾಗೆ.

ಅಚಿಯಾ ಅಪ್ಪನ ಬಲಕ್ಕೆ ಕುಳಿತಿದ್ದಳು. ಅವಳನ್ನು ನೋಡಲು ಅವನು ಕುತ್ತಿಗೆ ತಿರುಗಿಸಿದ, ಸಾಲದೆ ಭುಜವನ್ನೂ ತಿರುಗಿಸಿದ, ಕೊನೆಗೆ ಕುರ್ಚಿಯನ್ನೇ ಸರಿಸಿ ಅವಳನ್ನು ಹುಡುಕಿಕೊಂಡ. ಸಿಕ್ಕಿದ ಮೇಲೆ ಮೆಲ್ಲಗೆ ನಕ್ಕ. ಆ ನಗುವಿನಲ್ಲಿ ಇಷ್ಟೊಂದು ನಂಬಿಕೆ ಇಲ್ಲದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ನಿಜ ಹೇಳಿದರೆ ನಾಳೆಯಿಂದ ಸ್ಟ್ಯಾಂಡಿನಲ್ಲಿ ಯಾರೂ ಅವನ ಕಾರು ಹತ್ತಲಿಕ್ಕಿಲ್ಲ. ಅವನು ಅವಳೊಂದಿಗೆ ಮಾತು ಬಿಡಬಹುದು. ಮಗುವಿನ ಆ ಕಾಲು, ಅಲುಗಾಡುವ ಮುಂಚೆ, ಎಷ್ಟು ಹೊತ್ತು ಸುಮ್ಮನಿತ್ತು!

ವೋಫಾನ ಬೆರಳುಗಳು ಬಾಟಲಿಯ ಮುಚ್ಚಳದ ಮೇಲೆ ಬಂದವು. "ಕೊನೇ ಸಲ ಕೇಳ್ತೀನಿ..."

"ಒಡೀಬೇಡಿ ವೋಫಾ," ಎಂದಳು ಅಚಿಯಾ. "ಅಪ್ಪನಿಗೆ ಬಲಗಡೆ ಕಣ್ಣು ಕಾಣಿಸ್ತಿಲ್ಲ."